ಬಸ್ಸು ತಳ್ಳಿದವರು

ನನ್ನ ಮಗಳು ಗಿರಿಜೆಗೆ ಚಿಕ್ಕಂದಿನಲ್ಲಿ ಫಿಟ್ಸ್ ಬರುತ್ತಿತ್ತು. ಇಷ್ಟು ಸಣ್ಣ ವಾಕ್ಯ ಬರೆಯುವುದಕ್ಕೆ ನನಗೆ ಎಷ್ಟು ವರ್ಷ ಹಿಡಿಯಿತು ನೋಡಿ. ಆಗೆಲ್ಲ ನಮ್ಮ ಮನೆಯಲ್ಲಿ ಆ ಕಾಯಿಲೆಗೆ ಹೆಸರೇ ಇರಲಿಲ್ಲ. ‘ಅದು ಬಂತು’, ‘ಅದು ಹೋಯ್ತು’ ಎನ್ನುತ್ತಿದ್ದೆವು, ಬಾಗಿಲಿಗೆ ಬಂದು ಹೋಗುವ ನೆಂಟರ ಹಾಗೆ. ಹೆಸರು ಹೇಳಿದರೆ ಎಲ್ಲಿ ಓಣಿಯವರ ಕಿವಿಗೆ ಬೀಳುತ್ತದೋ ಎಂಬ ಹೆದರಿಕೆ.

ಈಗ ಅವಳು ಹೊಳಲ್ಕೆರೆಯಲ್ಲಿ ಸ್ಕೂಲ್ ಮೇಡಂ. ಎರಡು ಮಕ್ಕಳ ತಾಯಿ. ನಾನು ಬಿಪಿ ಮಾತ್ರೆ ಮರೆತರೆ ಫೋನಿನಲ್ಲೇ ಗದರುತ್ತಾಳೆ. ‘ನಾನು ಐದು ವರ್ಷ ನುಂಗಿಲ್ವೇನಮ್ಮ, ನಿನಗೇನು ದಾಡಿ’ ಎನ್ನುತ್ತಾಳೆ. ಅವಳ ಶಾಲೆಯಲ್ಲಿ ಒಂದು ಮಗುವಿಗೆ ಹೀಗೇ ಆಗುತ್ತದಂತೆ, ಅದರ ತಾಯಿ ಬಾಯಿಬಿಡುವುದಿಲ್ಲವಂತೆ. ‘ನೀನು ಬರೀ, ನಾನು ಆಯಮ್ಮನಿಗೆ ಓದಲು ಕೊಡ್ತೀನಿ’ ಎಂದು ಗಂಟುಬಿದ್ದಳು. ನನಗೆ ಬರೆಯುವ ಅಭ್ಯಾಸ ಇಲ್ಲ. ಏಳನೇ ಕ್ಲಾಸಿಗೆ ಓದು ನಿಲ್ಲಿಸಿದವಳು. ಹೇಗೆ ನೆನಪಿಗೆ ಬರುತ್ತದೋ ಹಾಗೆ ಬರೆದಿದ್ದೇನೆ.

ಎಪ್ಪತ್ತರ ದಶಕದ ಮಾತು. ನಮ್ಮ ಮನೆ ಹೊಸದುರ್ಗದಲ್ಲಿ. ನಮ್ಮ ಯಜಮಾನರು ಟೈಲರ್. ಎರಡು ಮಿಷಿನ್ನಿನ ಅಂಗಡಿ. ಮಾವ ತೀರಿಕೊಂಡಿದ್ದರು. ಮನೆಯ ಯಜಮಾನಿಕೆ ಅತ್ತೆಯದು. ಸಾರಿಗೆ ಎಷ್ಟು ಉಪ್ಪು ಎಂಬುದರಿಂದ ಹಿಡಿದು ಯಾರ ಮದುವೆಗೆ ಯಾರು ಹೋಗಬೇಕು ಎಂಬುದರವರೆಗೆ ಅವರು ಹೇಳಿದ್ದೇ ಆಗಬೇಕು. ಹಾಗೆಂದು ಕೆಟ್ಟವರಲ್ಲ. ಗಿರಿಜೆ ಎಂದರೆ ಅವರಿಗೆ ಪ್ರಾಣ. ಹಾಲಿನ ಕೆನೆಯನ್ನು ನಮಗ್ಯಾರಿಗೂ ಮುಟ್ಟಗೊಡದೆ ಅವಳಿಗೆ ಎತ್ತಿಡುತ್ತಿದ್ದರು. ನನ್ನ ಕೈಯಲ್ಲಿ ತಲೆ ಬಾಚಿಸಿಕೊಳ್ಳಲು ಅಳುತ್ತಿದ್ದ ಹುಡುಗಿ ಅಜ್ಜಿಯ ಕೈಗೆ ಸುಮ್ಮನೆ ತಲೆ ಕೊಡುತ್ತಿದ್ದಳು.

ಮೊದಲ ಸಲ ಬಂದಾಗ ಗಿರಿಜೆಗೆ ಎರಡೂವರೆ ವರ್ಷ. ಜ್ವರ ಇತ್ತು, ನೆತ್ತಿಗೇರಿತು ಎಂದುಕೊಂಡೆವು. ಎರಡನೇ ಸಲ ಜ್ವರ ಇರಲಿಲ್ಲ. ಅವತ್ತು ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿ ಹೇಳಿದರು: “ಹೆಣ್ಣುಕೂಸು. ನಾಳೆ ಒಂದು ಮನೆಗೆ ಕೊಡಾದೈತೆ. ನಿನ್ನ ತವರಿಗೂ ಉಸುರಂಗಿಲ್ಲ, ಗೊತ್ತಾತಾ?” ಗೊತ್ತಾಯಿತು ಎಂದೆ. ಡಾಕ್ಟರಿಗೆ ತೋರಿಸೋಣ ಎಂದು ಯಜಮಾನರು ಒಂದು ಸಲ ಹೇಳಿ ನೋಡಿದರು. ಊರಿನ ಡಾಕ್ಟರಿಗೆ ತೋರಿಸಿದರೆ ಊರಿಗೇ ಡಂಗುರ ಹೊಡೆಸಿದ ಹಾಗೆ ಎಂದು ಅತ್ತೆ ಬಾಯಿ ಮುಚ್ಚಿಸಿದರು.

ಮೂರನೇ ಸಲ ಬಂದು ಹೋದ ಮೇಲೆ ಬರೆ ಹಾಕಿದರು. ನಮ್ಮ ಕಡೆ ಆಗ ಇದು ಹೊಸದಲ್ಲ. ಅರಿಶಿನದ ಕೊಂಬನ್ನು ಕೆಂಡದಲ್ಲಿ ಕಾಯಿಸಿ ಹೊಕ್ಕುಳಿನ ಎರಡೂ ಮಗ್ಗುಲಿಗೆ ಮುಟ್ಟಿಸುವುದು. ಅತ್ತೆ ಅಳುತ್ತಲೇ ಮುಟ್ಟಿಸಿದರು. ಕೂಸಿನ ಕಾಲು ಹಿಡಿದುಕೊಂಡವಳು ನಾನು. ಬೇಡ ಎನ್ನಲಿಲ್ಲ, ಕೈ ತಡೆಯಲಿಲ್ಲ, ಹಿಡಿದುಕೊಂಡೆ. ಇದನ್ನು ಬರೆಯುವಾಗ ಈಗಲೂ ನನ್ನ ಮೈಯೆಲ್ಲ ಉರಿಯುತ್ತದೆ. ಒಳ್ಳೆಯದಾಗುತ್ತದೆ ಎಂದೇ ನಾವಿಬ್ಬರೂ ನಂಬಿದ್ದೆವು. ಬರೆಯ ಗಾಯ ಮಾಯುವುದರೊಳಗೆ ನಾಲ್ಕನೆಯದು ಬಂತು.

ದೀಪಾವಳಿಗೆ ಮುಂಚೆ ಜವನಗೊಂಡನಹಳ್ಳಿಯ ನನ್ನ ತವರಿನಲ್ಲಿ ತಮ್ಮನ ಮಗುವಿಗೆ ಹೆಸರಿಡುವ ಶಾಸ್ತ್ರ ಇತ್ತು. ಹಬ್ಬದ ಹೊಲಿಗೆ ರಾಶಿ ಬಿದ್ದಿದ್ದರಿಂದ ಯಜಮಾನರು ಅಂಗಡಿ ಬಿಟ್ಟು ಬರುವ ಹಾಗಿರಲಿಲ್ಲ. ಒಬ್ಬಳೇ ಕೂಸನ್ನು ಕರೆದುಕೊಂಡು ಹೋಗುವುದಕ್ಕೆ ಅತ್ತೆ ಒಪ್ಪಿದ್ದೇ ದೊಡ್ಡದು. ಹೊರಡುವಾಗ ಗಿರಿಜೆಯ ಲಂಗವನ್ನು ಹೊಕ್ಕುಳಿನ ಮೇಲಕ್ಕೆ ಬಿಗಿಯಾಗಿ ಕಟ್ಟಿ, ಅಲ್ಲಿ ಸ್ನಾನ ಮಾಡಿಸುವಾಗ ಯಾರನ್ನೂ ಹತ್ತಿರ ಸೇರಿಸಬೇಡ ಎಂದು ಎರಡೆರಡು ಸಲ ಹೇಳಿ ಕಳಿಸಿದರು.

ಹಿರಿಯೂರಿಗೆ ಹೋಗಿ ಅಲ್ಲಿ ಬಸ್ಸು ಬದಲಾಯಿಸಬೇಕು. ಬೆಳಗಿನ ಬಸ್ಸು ತುಂಬಿತ್ತು. ತೆಂಗಿನಕಾಯಿ ಚೀಲ, ಕೋಳಿ ಬುಟ್ಟಿ, ನಿಂತವರ ಕಾಲಡಿ ಇನ್ನಷ್ಟು ಗಂಟು. ನನ್ನ ಪಕ್ಕ ಕುರಿ ಸಾಕುವ ಮನೆಯ ಒಬ್ಬ ಹೆಂಗಸು ಕಂಬಳಿ ಮಡಿಚಿ ತೊಡೆ ಮೇಲಿಟ್ಟುಕೊಂಡು ಕೂತಿದ್ದರು. ಹೆಸರು ಕರಿಯಮ್ಮ. ಚಿತ್ರದುರ್ಗದ ಹತ್ತಿರದ ಮದಕರಿಪುರದವರು. ಮಗಳ ಮನೆಗೆ ಬಂದಿದ್ದವರು ಹಿರಿಯೂರು ಸೀಮೆಯಲ್ಲಿ ಕುರಿ ಮೇಯಿಸುತ್ತಿದ್ದ ಗಂಡನಿಗೆ ಬುತ್ತಿ ಒಯ್ಯುತ್ತಿದ್ದರು. ಇದನ್ನೆಲ್ಲ ನಾನು ಕೇಳಿರಲಿಲ್ಲ, ಅವರೇ ಹೇಳಿದರು. ಗಿರಿಜೆ ಕಿಟಕಿಗೆ ಮುಖ ಕೊಟ್ಟು ಕಂಡದ್ದಕ್ಕೆಲ್ಲ ಹೆಸರು ಹೇಳುತ್ತಿದ್ದಳು. ಎಮ್ಮೆ, ಗಾಡಿ, ಇನ್ನೊಂದು ಎಮ್ಮೆ.

ಹಿರಿಯೂರು ಇನ್ನೂ ಏಳೆಂಟು ಮೈಲಿ ಇರುವಾಗ ಅವಳ ಮಾತು ಅರ್ಧಕ್ಕೆ ನಿಂತಿತು. ನೋಡಿದರೆ ಕಣ್ಣು ಒಂದು ಮಗ್ಗುಲಿಗೆ ಹೊರಳಿದೆ. ನನಗೆ ಗೊತ್ತಾಗಿಹೋಯಿತು. ಆಗ ನಾನು ಮಾಡಿದ ಮೊದಲ ಕೆಲಸ ಏನು ಗೊತ್ತೇ? ಸೆರಗು ಎಳೆದು ಕೂಸಿನ ಮುಖ ಮುಚ್ಚಿದೆ. ಯಾರೂ ನೋಡಬಾರದು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಮನೆಯಲ್ಲಿ ಬಂದಾಗಲೆಲ್ಲ ನಾನು ಒಂದರಿಂದ ಎಣಿಸುತ್ತಿದ್ದೆ. ನೂರು, ಹೆಚ್ಚೆಂದರೆ ನೂರೈವತ್ತರೊಳಗೆ ಬಿಟ್ಟುಬಿಡುತ್ತಿತ್ತು. ಬಸ್ಸಿನಲ್ಲೂ ಎಣಿಸಿದೆ. ಇನ್ನೂರು ದಾಟಿತು. ಮುನ್ನೂರಾಯಿತು. ಸೆರಗಿನೊಳಗೆ ಮೈ ಜಗ್ಗುವುದು ನಿಲ್ಲಲಿಲ್ಲ. ಆಮೇಲೆ ನನಗೆ ಎಣಿಕೆಯೇ ತಪ್ಪಿತು.

ಕೂಸಿನ ಪಾದಗಳು ಕಂಬಳಿಗೆ ಬಡಿಯುತ್ತಿದ್ದುದನ್ನು ಕಂಡು ಕರಿಯಮ್ಮ ನನ್ನನ್ನು ಕೇಳದೆ ಸೆರಗು ಸರಿಸಿದರು. ಒಂದು ಸಲ ನೋಡಿದ್ದೇ ಕಂಡಕ್ಟರಿಗೆ ಬಸ್ಸು ನಿಲ್ಲಿಸಲು ಕೂಗಿದರು. ಬಸ್ಸಿಗೆ ಬಸ್ಸೇ ಎದ್ದು ನಿಂತಿತು. ನಾನು ಯಾವುದಕ್ಕೆ ಹೆದರಿದ್ದೆನೋ ಅದೇ ಆಗಿತ್ತು. ಐವತ್ತು ಜನ ನನ್ನ ಮಗಳನ್ನು ನೋಡುತ್ತಿದ್ದರು.

ಒಬ್ಬರು ನೀರು ತಂದರು, ಒಬ್ಬರು ಈರುಳ್ಳಿ ಜಜ್ಜಿ ತಂದರು, ಇನ್ನೊಬ್ಬರು ಕಾಲಿನ ಚಪ್ಪಲಿಯನ್ನೇ ಬಿಚ್ಚಿ ಮೂಸಿಸಿ ಎಂದು ಕೊಟ್ಟರು. ಕರಿಯಮ್ಮ ಯಾವುದನ್ನೂ ಹತ್ತಿರ ಬಿಡಲಿಲ್ಲ. ಕೂಸನ್ನು ನನ್ನ ತೊಡೆಯಿಂದ ತೆಗೆದು ತಮ್ಮ ತೊಡೆಯ ಮೇಲೆ ಮಗ್ಗುಲಾಗಿ ಮಲಗಿಸಿಕೊಂಡು, ಜೊಲ್ಲು ಹೊರಗೆ ಹರಿಯುವಂತೆ ಮುಖ ಬಾಗಿಸಿ ಹಿಡಿದರು. ಬಾಯಿಗೆ ಹನಿ ನೀರೂ ಹಾಕುವಂತಿಲ್ಲ ಎಂದು ಗದರಿದರು. ಮುಂದಿನ ಸೀಟಿನಲ್ಲಿ ಹಣೆ ತುಂಬ ವಿಭೂತಿ ಹಚ್ಚಿಕೊಂಡ ಒಬ್ಬ ಹಿರಿಯರಿದ್ದರು. ಅವರು ನನ್ನ ಕಡೆ ಬಾಗಿ, ಹಿಂದೆ ಯಾವಾಗಲಾದರೂ ಹೀಗೆ ಬಂದಿತ್ತೇನಮ್ಮ ಎಂದು ಕೇಳಿದರು.

“ಇಲ್ಲ. ಇದೇ ಮೊದಲು,” ಎಂದೆ.

ಎಷ್ಟು ಸಲೀಸಾಗಿ ಬಂತು ಆ ಸುಳ್ಳು! ಅದೇ ಹೊತ್ತಿಗೆ ಕರಿಯಮ್ಮ ಕೂಸಿಗೆ ಉಸಿರಾಡಲು ಸಲೀಸಾಗಲೆಂದು ಲಂಗದ ಲಾಡಿ ಸಡಿಲಿಸುತ್ತಿದ್ದರು. ಹೊಕ್ಕುಳಿನ ಎರಡು ಕಡೆಯ ಬರೆ ಅವರ ಕಣ್ಣಿಗೆ ಬಿತ್ತು. ನನ್ನ ಮುಖ ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ. ಅವರು ತಮ್ಮ ಸೀರೆ ಸೆರಗನ್ನು ಕೂಸಿನ ಹೊಟ್ಟೆಯ ಮೇಲೆ ಹೊದಿಸಿದರು.

ಇನ್ನು ಕಬ್ಬಿಣದ ವಿಷಯ. ಇಂಥದ್ದು ಬಂದಾಗ ಕೈಗೆ ಕಬ್ಬಿಣ ಕೊಡಬೇಕು, ಆಗ ಬಿಡುತ್ತದೆ ಎಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಬಸ್ಸಿನವರೆಲ್ಲ ಸೊಂಟ, ಕಿಸೆ, ಜನಿವಾರ, ಉಡಿದಾರ ಎಲ್ಲ ತಡಕಿ ಬೀಗದ ಕೈ ಚಾಚಿದರು. ವಿಭೂತಿಯ ಹಿರಿಯರು ಒಂದೊಂದನ್ನೂ ಪರೀಕ್ಷೆ ಮಾಡಿ ಇದು ಹಿತ್ತಾಳೆ, ಇದೂ ಹಿತ್ತಾಳೆ, ಆಗುವುದಿಲ್ಲ ಎಂದು ವಾಪಸು ಕೊಟ್ಟರು. ಒಬ್ಬರು ಕುಡುಗೋಲು ಕೊಡಲು ಬಂದರು, ಎಲ್ಲರೂ ಸೇರಿ ಬೈದರು. ಆಗ ಡ್ರೈವರ್ ಸಾಬರು, ಗೋರಂಟಿ ಹಚ್ಚಿದ ಗಡ್ಡದ ದೊಡ್ಡ ಮನುಷ್ಯ, ಎಂಜಿನ್ ಬಂದ್ ಮಾಡಿ, ಬಸ್ಸಿನ ಕೀಯನ್ನೇ ಕಿತ್ತುಕೊಂಡು ಬಂದರು. ಅದಕ್ಕೆ ಹೆಬ್ಬೆರಳು ಗಾತ್ರದ ಕಬ್ಬಿಣದ ಬಳೆ. ಹಿರಿಯರು ತಲೆಯಾಡಿಸಿದರು. ಗಿರಿಜೆಯ ಅಂಗೈಯಲ್ಲಿ ಇಟ್ಟದ್ದೇ ತಡ, ಮುಷ್ಟಿ ಬಿಗಿದುಕೊಂಡಿತು.

ಬಿಗಿದ ಮುಷ್ಟಿ ಬಿಡಲಿಲ್ಲ. ಫಿಟ್ಸೂ ಬಿಡಲಿಲ್ಲ. ತುಟಿ ನೀಲಿಯಾಗತೊಡಗಿತು. ಆಸ್ಪತ್ರೆಗೆ ನಡೀರಿ ಎಂದು ಕರಿಯಮ್ಮ ಕೂಗಿದರು. ಎಲ್ಲರೂ ಹೌದೌದು ನಡೀರಿ ಎಂದರು. ಡ್ರೈವರ್ ಸಾಬರು ಹೋಗಿ ಸೀಟಿನಲ್ಲಿ ಕೂತರು, ಕೂತವರು ಹಾಗೇ ತಿರುಗಿ ನೋಡಿದರು. ಕೀ ಕೂಸಿನ ಕೈಯಲ್ಲಿ.

ನಡುವೆ ಎರಡು ಊರು ಬಿಟ್ಟರೆ ಏನೂ ಇಲ್ಲದ ರಸ್ತೆ. ಮುಂದೆ ಹಿಂದೆ ಒಂದು ಗಾಡಿಯ ಸುಳಿವಿಲ್ಲ. ಕಂಡಕ್ಟರು ಬೆರಳು ಬಿಡಿಸಲು ಬಂದರು. ಅದು ಬಿಡುವ ಮುಂಚೆ ಕಬ್ಬಿಣ ಕಿತ್ತುಕೊಂಡರೆ ಒಳಗೇ ತಿರುಗುತ್ತದೆ ಎಂದು ಹಿರಿಯರು ಅಡ್ಡ ಬಂದರು. ಈಗ ನೆನೆದರೆ ನಗು ಬರುತ್ತದೆ, ಆಗ ನನ್ನ ಜೀವ ಬಾಯಿಗೆ ಬಂದಿತ್ತು. ಡ್ರೈವರ್ ಸಾಬರು ಬಂದು ಆ ಸಣ್ಣ ಮುಷ್ಟಿಯನ್ನು ಒಮ್ಮೆ ಮೆಲ್ಲಗೆ ಮುಟ್ಟಿ ನೋಡಿದರು.

“ಬ್ಯಾಡ. ಎಳೆ ಬೆರಳು, ಮುರೀತಾವೆ,” ಎಂದರು. ಆಮೇಲೆ ಬಸ್ಸಿನ ಕಡೆ ತಿರುಗಿ, “ಕೂಸಿನ ಕೈಯಾಗೆ ಕೀ ಇರ್ಲಿ. ಎಲ್ರೂ ಇಳೀರಿ, ತಳ್ರಿ,” ಎಂದರು.

ಆ ಕಾಲದ ಬಸ್ಸುಗಳಿಗೆ ಸೆಲ್ಫ್ ಹೊಡೆಯುವುದಕ್ಕೆ ಮಾತ್ರ ಕೀ ಬೇಕು, ತಳ್ಳಿ ಗೇರಿಗೆ ಹಾಕಿದರೆ ಎಂಜಿನ್ ತಾನೇ ಹತ್ತಿಕೊಳ್ಳುತ್ತದೆ ಎಂಬುದು ನನಗೆ ಹೇಗೆ ಗೊತ್ತಿರಬೇಕು? ಇವರಿಗೆಲ್ಲ ತಲೆ ಕೆಟ್ಟಿದೆ ಎಂದುಕೊಂಡೆ. ಆದರೆ ಒಬ್ಬರೂ ಎದುರು ಮಾತಾಡಲಿಲ್ಲ. ಚೀಲ, ಬುಟ್ಟಿ, ಗಂಟು ಎಲ್ಲವನ್ನೂ ಇದ್ದಲ್ಲೇ ಬಿಟ್ಟು ಬಸಬಸನೆ ಇಳಿದರು. ಡ್ರೈವರು, ಕಂಡಕ್ಟರು ಬಿಟ್ಟರೆ ಕೂಸಿನ ಜೊತೆ ನಾನು, ಕರಿಯಮ್ಮ ಇಬ್ಬರೇ ಉಳಿದದ್ದು. ಹಿಂದಿನ ಗಾಜಿನಲ್ಲಿ ನನಗೆ ಬರೀ ತಲೆಗಳು ಕಾಣುತ್ತಿದ್ದವು. ಪಂಚೆ ಎತ್ತಿ ಕಟ್ಟಿದವರು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡ ಕಾಯಿ ಮಾರುವ ಹೆಂಗಸರು, ಹೊಸ ಸೀರೆಯ ಒಬ್ಬ ಮದುಮಗಳು, ಅವಳ ಪಕ್ಕ ಕೋಟು ಹಾಕಿಕೊಂಡ ಗಂಡ. ವಿಭೂತಿಯ ಹಿರಿಯರು ತಳ್ಳಲಾರದೆ ಪಕ್ಕದಲ್ಲಿ ನಿಂತು ಐಸಾ ಎಂದು ಕೂಗಿ ಹೇಳಿಕೊಡುತ್ತಿದ್ದರು. ಬಸ್ಸು ಮೊದಲು ಜರುಗಲಿಲ್ಲ. ಆಮೇಲೆ ಜರುಗಿತು. ಇಪ್ಪತ್ತು ಮಾರು ಹೋದ ಮೇಲೆ ಒಂದು ಸಲ ಜಗ್ಗಿ, ಕೆಮ್ಮಿ, ಎಂಜಿನ್ ಹತ್ತಿಕೊಂಡಿತು.

ಇವರನ್ನೆಲ್ಲ ಹತ್ತಿಸಿಕೊಳ್ಳಲು ಈಗ ಎಷ್ಟು ಹೊತ್ತಾಗುತ್ತದೋ ಎಂದು ನಾನು ತುಟಿ ಕಚ್ಚಿಕೊಂಡು ಕೂತಿದ್ದೆ. ಡ್ರೈವರ್ ಸಾಬರು ಬ್ರೇಕ್ ಹಿಡಿದರು. ಹಿಂದಿನಿಂದ ಬಸ್ಸಿನ ಮೈಗೆ ದಬದಬ ಬಡಿದು ಜನ ಕೂಗಿದರು. “ನಿಲ್ಲಿಸ್ಬ್ಯಾಡ್ರಿ! ನಾವು ಹೆಂಗೋ ಬರ್ತೀವಿ, ನೀವು ಹೋಗ್ರಿ!”

ಅವರನ್ನೆಲ್ಲ ಆ ಬಿಸಿಲಲ್ಲಿ, ನಡುರಸ್ತೆಯಲ್ಲಿ ಬಿಟ್ಟು ಬಸ್ಸು ಹೊರಟಿತು. ಅವರ ಗಂಟುಮೂಟೆ, ಕೋಳಿ, ಬುತ್ತಿ ಎಲ್ಲ ಬಸ್ಸಿನಲ್ಲಿ. ಹಿಂದಿನ ಗಾಜಿನಲ್ಲಿ ನೋಡಿದೆ. ಕೈ ಬೀಸುತ್ತ ನಿಂತಿದ್ದರು, ಹೋಗಿ ಹೋಗಿ ಎನ್ನುವ ಹಾಗೆ. ಅದರಲ್ಲಿ ಒಬ್ಬರ ಹೆಸರೂ ನನಗೆ ಗೊತ್ತಿಲ್ಲ. ಅವತ್ತು ಕೇಳುವ ಬುದ್ಧಿ ಇರಲಿಲ್ಲ, ಆ ದಿನ ಕಳೆದ ಮೇಲೆ ಕೇಳಲು ಸಿಗಲಿಲ್ಲ. ಇವತ್ತಿಗೂ ದೇವರ ಮುಂದೆ ದೀಪ ಹಚ್ಚುವಾಗ ಹೆಸರಿಲ್ಲದೆಯೇ ಅವರನ್ನು ನೆನೆಯುತ್ತೇನೆ. ಅವರು ಹೊತ್ತ ಹೊರೆಯೆಲ್ಲ ಹಗುರಾಗಲಿ.

ದಾರಿಯಲ್ಲಿ ಎಲ್ಲೂ ನಿಲ್ಲಿಸಲಿಲ್ಲ. ಸ್ಟಾಪುಗಳಲ್ಲಿ ಕೈ ಅಡ್ಡ ಹಾಕಿದವರನ್ನು ದಾಟಿಕೊಂಡು, ಹಾರನ್ ಒತ್ತಿಕೊಂಡೇ ಹಿರಿಯೂರು ಸೇರಿದೆವು. ಬಸ್ ಸ್ಟ್ಯಾಂಡಿಗೂ ಹೋಗದೆ ಸರ್ಕಾರಿ ಆಸ್ಪತ್ರೆಯ ಒಳಗೇ ಬಸ್ಸು ನುಗ್ಗಿಸಿದರು. ಕಂಡಕ್ಟರು ಕೂಸನ್ನು ಎತ್ತಿಕೊಂಡು ಓಡಿದರು. ನಾನು ಹಿಂದೆ ಓಡುತ್ತಿದ್ದೆ. ಒಳಬಾಗಿಲ ಹತ್ತಿರ ಕರಿಯಮ್ಮ ನನ್ನ ತೋಳು ಹಿಡಿದು ನಿಲ್ಲಿಸಿದರು.

“ತಂಗಿ, ಬಸ್ನಾಗೆ ಹೇಳಿದ್ದು ಬಸ್ಸಿಗಾತು. ಒಳಗೆ ಡಾಕ್ಟ್ರು ಕೇಳ್ತಾರೆ. ಅಲ್ಲಿ ಮುಚ್ಚಿಡಬ್ಯಾಡ. ನಾನು ಯಾರಿಗೂ ಹೇಳ್ದೆ ಮುಚ್ಚಿಟ್ಟು ಒಂದು ಕೂಸು ಕಳ್ಕಂಡೀನಿ.”

ಅಷ್ಟು ಹೇಳಿ ತೋಳು ಬಿಟ್ಟರು.

ಡಾಕ್ಟರು ಇಂಜೆಕ್ಷನ್ ಕೊಟ್ಟರು. ಎಷ್ಟು ಹೊತ್ತಾಯಿತೋ, ಗಿರಿಜೆಯ ಕಾಲು ಮೊದಲು ನಿಂತಿತು, ಆಮೇಲೆ ಕೈ. ಮುಷ್ಟಿ ತಾನಾಗಿ ಸಡಿಲಾಗಿ ಕೀ ಮಂಚದ ಮೇಲೆ ಬಿತ್ತು. ಬಾಗಿಲಲ್ಲಿ ನಿಂತಿದ್ದ ಡ್ರೈವರ್ ಸಾಬರು ಅದನ್ನು ಕಣ್ಣಿಗೊತ್ತಿಕೊಂಡು, ದಾರಿಯಲ್ಲಿ ನಿಂತವರನ್ನು ಕರೆತರಲು ಬಸ್ಸು ತಿರುಗಿಸಿಕೊಂಡು ಹೋದರು. ಡಾಕ್ಟರು ನನ್ನ ಕಡೆ ತಿರುಗಿ, ಇದು ಎಷ್ಟನೇ ಸಲ ಎಂದು ಕೇಳಿದರು. ಮೊದಲ ಸಲವೇ ಎಂದು ಕೇಳಲಿಲ್ಲ, ಎಷ್ಟನೆಯದು ಎಂದರು. ಅವರೂ ಬರೆ ನೋಡಿದ್ದರು.

 ಅತ್ತೆಯ ಮುಖ ಕಣ್ಣ ಮುಂದೆ ಬಂತು. ಬಾಗಿಲಾಚೆ ಕರಿಯಮ್ಮ ಕಂಬಳಿ ಹೊದ್ದು ಕೂತಿದ್ದರು, ನನ್ನ ಕಡೆ ನೋಡುತ್ತಿರಲಿಲ್ಲ. “ಏಳನೇ ಸಲ,” ಎಂದೆ. ಎರಡು ವರ್ಷದಲ್ಲಿ ಹೊರಗಿನವರ ಮುಂದೆ ಮೊದಲ ಬಾರಿ ಹೇಳಿದ್ದು. ಒಂದು ಸಲ ಬಾಯಿಬಿಟ್ಟ ಮೇಲೆ ಎಲ್ಲ ಹೊರಬಂತು. ಯಾವಾಗ ಬಂತು, ಎಷ್ಟು ಹೊತ್ತು ಇತ್ತು, ಜ್ವರ ಇತ್ತೋ ಇಲ್ಲವೋ, ನಿಂತು ನಿಂತು ಹೇಳಿದೆ. ಡಾಕ್ಟರು ಬರೆದುಕೊಂಡರು. ಬರೆ ಯಾರು ಹಾಕಿದ್ದು ಎಂದು ಕೇಳಿದಾಗ ಮಾತ್ರ ನಿಂತೆ. ಮನೆಯ ಹಿರಿಯರ ಹೆಸರನ್ನು ಪರಸ್ಥಳದಲ್ಲಿ ಹೇಗೆ ಹೇಳಲಿ? ಕಾಲು ಹಿಡಿದವಳು ನಾನೇ ಅಲ್ಲವೇ? ನಾನೇ ಹಾಕಿದ್ದು ಎಂದೆ.

ಡಾಕ್ಟರು ಬೈಯಲಿಲ್ಲ. ಪಕ್ಕದಲ್ಲಿದ್ದ ನರ್ಸಮ್ಮ ಬೈದರು. ಅವತ್ತು ಸಾಯಂಕಾಲದವರೆಗೂ ಬೈದರು. ಹಾಸಿಗೆ ಬದಲಾಯಿಸುತ್ತ ಬೈದರು, ನನಗೆ ಟೀ ತಂದುಕೊಟ್ಟು ಕುಡಿ ಎಂದು ಬೈದರು, ಕೂಸಿನ ಹಣೆ ಸವರುತ್ತ ಬೈದರು. ಅವರ ಬೈಗುಳ ನನಗೆ ಹಿತವಾಗಿತ್ತು. ಮನೆಯಲ್ಲಿ ಇದರ ಬಗ್ಗೆ ಯಾರೂ ಇಷ್ಟು ಮಾತನಾಡಿಯೇ ಇರಲಿಲ್ಲ.

ಇದು ಮಾಟವಲ್ಲ, ಗಾಳಿಯಲ್ಲ, ಕಾಯಿಲೆ, ಮಾತ್ರೆಗೆ ಬಗ್ಗುತ್ತದೆ ಎಂದು ಡಾಕ್ಟರು ಹೇಳಿದರು. ದಿನಾ ಒಂದು ಮಾತ್ರೆ, ಕೆಲವು ವರ್ಷ. ಆದರೆ ಒಂದು ದಿನವೂ ತಪ್ಪಿಸುವಂತಿಲ್ಲ. ನಡುವೆ ನಿಲ್ಲಿಸಿದರೆ ಇವತ್ತಿನ ಹಾಗೆ ಮತ್ತೆ ಬರುತ್ತದೆ, ಮುಂದಿನ ಸಲ ಇಷ್ಟು ಜನ ಸಿಗದೇ ಇರಬಹುದು ಎಂದರು. ಮನೆಯಲ್ಲಿ ನೀನು ಹೇಳಿದ್ದು ನಡೆಯುತ್ತದಾ ಎಂದು ಕೇಳಿದರು. ನಡೆಯುತ್ತದೆ ಎಂದೆ. ಅದು ಆ ದಿನದ ನನ್ನ ಮೂರನೇ ಸುಳ್ಳು. ಮನೆಯಲ್ಲಿ ಒಂದು ಲೋಟ ಎಲ್ಲಿಡಬೇಕೆಂದು ಹೇಳುವ ಅಧಿಕಾರವೂ ನನಗಿರಲಿಲ್ಲ. ಓಣಿಯವರು ಕಂಡಾರು ಎಂದು ಅತ್ತೆ ಮಾತ್ರೆಯ ಪೊಟ್ಟಣವನ್ನು ಒಲೆಗೆ ಹಾಕಿದರೆ ನಾನು ಏನು ಮಾಡಲಿ?  

ಮಧ್ಯಾಹ್ನ ಡ್ರೈವರ್ ಸಾಬರು ದಾರಿಯಲ್ಲಿ ಬಿಟ್ಟವರನ್ನೆಲ್ಲ ಕರೆತಂದರು. ಅರ್ಧ ಜನ ನಡೆದು ಬರುತ್ತಿದ್ದರಂತೆ, ಕೆಲವರನ್ನು ಒಂದು ಲಾರಿಯವನು ಹತ್ತಿಸಿಕೊಂಡು ಬಂದಿದ್ದ. ಅಷ್ಟೂ ಜನ ವಾರ್ಡಿನ ಬಾಗಿಲಿಗೆ ಬಂದು ಇಣುಕಿದರು. ನರ್ಸಮ್ಮ ಇದೇನು ಸಂತೆಯಾ ಎಂದು ಗದರಿದ ಮೇಲೆ ಇಬ್ಬಿಬ್ಬರಾಗಿ ಬಂದರು. ಮಲಗಿದ್ದ ಕೂಸಿನ ತಲೆ ಮುಟ್ಟಿ ಹೋದರು. ವಿಭೂತಿಯ ಹಿರಿಯರು ತಮ್ಮ ಹಣೆಯ ವಿಭೂತಿಯನ್ನೇ ಒಂದಿಷ್ಟು ತೆಗೆದು ಹಚ್ಚಿದರು. ಅವರಿಗೆ ಹೇಳಿದ ಸುಳ್ಳು ನನಗೆ ನೆನಪಾಗಿ, ನಿಮಗೆ ಬೇರೆ ಹೇಳಿದ್ದೆ, ಇದು ಏಳನೇ ಸಲ ಎಂದುಬಿಟ್ಟೆ. “ಇರ್ಲಿ ಬಿಡಮ್ಮ, ಬಸ್ನಾಗೆ ಯಾರು ನಿಜ ಹೇಳ್ತಾರೆ,” ಎಂದು ನಕ್ಕು, ಕೈಮುಗಿದು ಹೋದರು.

ಕರಿಯಮ್ಮ ಸಂಜೆಯವರೆಗೂ ಹೋಗಲಿಲ್ಲ. ಗಂಡನ ಬುತ್ತಿ ಬಿಚ್ಚಿ ನನ್ನ ಮುಂದಿಟ್ಟರು. ರೊಟ್ಟಿ, ಶೇಂಗಾ ಚಟ್ನಿ. ನಮ್ಮ ಮನೆಯಲ್ಲಿ ಹೊರಗಿನವರ ಕೈಯಡುಗೆ ಉಣ್ಣುವ ಪದ್ಧತಿ ಇರಲಿಲ್ಲ. ಅವತ್ತು ಎರಡು ರೊಟ್ಟಿ ತಿಂದು ಮೂರನೆಯದಕ್ಕೆ ಕೈ ಚಾಚಿದೆ. ಅವರು ತಾವು ಕಳೆದುಕೊಂಡ ಕೂಸಿನ ವಿಷಯ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಹೋಗುವಾಗ ಗಿರಿಜೆಯ ಅಂಗಾಲನ್ನು ಒಮ್ಮೆ ಹಿಡಿದು ನೋಡಿ, ಬೆಚ್ಚಗದೆ ಎಂದು ಹೇಳಿ ಹೋದರು.

ಮನೆಗೆ ಸುದ್ದಿ ಮುಟ್ಟಿಸುವುದು ಹೇಗೆ ಎಂಬ ಚಿಂತೆಯನ್ನು ಕಂಡಕ್ಟರೇ ತೀರಿಸಿದ್ದರು. ಹೊಸದುರ್ಗಕ್ಕೆ ಹೋಗುವ ಸಾಯಂಕಾಲದ ಬಸ್ಸಿನ ಕಂಡಕ್ಟರಿಗೆ ಹೇಳಿದರು. ಆ ಪುಣ್ಯಾತ್ಮ ನಮ್ಮ ಯಜಮಾನರ ಅಂಗಡಿಯ ಮುಂದೆ ನಿಂತು, ಹಬ್ಬದ ಬಟ್ಟೆಗೆ ಕಾಯುತ್ತಿದ್ದ ಗಿರಾಕಿಗಳೆಲ್ಲ ಕೇಳುವ ಹಾಗೆ, ನಿಮ್ಮ ಮಗಳಿಗೆ ಬಸ್ಸಿನಲ್ಲಿ ಫಿಟ್ಸ್ ಬಂದು ಹಿರಿಯೂರು ಆಸ್ಪತ್ರೆಗೆ ಹಾಕಿದ್ದಾರೆ ಎಂದು ಗಟ್ಟಿಯಾಗಿ ಹೇಳಿ ಹೋದನಂತೆ. ಎರಡು ವರ್ಷ ನಾವು ಬಾಗಿಲು ಮುಚ್ಚಿ ಕಾಯ್ದ ಗುಟ್ಟು ಅರ್ಧ ಗಳಿಗೆಯಲ್ಲಿ ಪೇಟೆ ತುಂಬ ಓಡಾಡಿತು.

ಮಾರನೇ ದಿನ ಮೊದಲ ಬಸ್ಸಿಗೆ ಯಜಮಾನರು, ಅತ್ತೆ ಬಂದರು. ಗಿರಿಜೆ ಇನ್ನೂ ಮಂಪರಿನಲ್ಲಿದ್ದಳು. ಅತ್ತೆ ಮಂಚದ ಕಾಲ ಕಡೆ ನಿಂತರು. ನನ್ನ ಮುಖ ನೋಡಲಿಲ್ಲ. ಕೂಸನ್ನೇ ನೋಡುತ್ತ, ಎಲ್ಲರ ಮುಂದೂ ಹೇಳಿದೆಯಂತೆ ಎಂದು ಮೆಲ್ಲಗೆ ಕೇಳಿದರು. ಹೂಂ ಎಂದೆ.   ಮಾತ್ರೆಯ ಪೊಟ್ಟಣ ಒಲೆಯಲ್ಲಿ ಉರಿಯುವುದು ಕಣ್ಣಿಗೆ ಕಟ್ಟಿತು.

ಅಷ್ಟರಲ್ಲಿ ನರ್ಸಮ್ಮ ಮಾತ್ರೆ ತೆಗೆದುಕೊಂಡು ಬಂದರು. ಹಿರಿಯ ಹೆಂಗಸನ್ನು ಕಂಡದ್ದೇ ಅವರಿಗೆ ನಿನ್ನೆಯ ಸಿಟ್ಟು ಮರಳಿತು.

“ನೀವೇ ಏನು ಅಜ್ಜಿ? ನೋಡಿ ನಿಮ್ಮ ಸೊಸೆ ಕೆಲಸಾನ. ಹೆತ್ತ ಕೂಸಿಗೆ ಬರೆ ಇಟ್ಟಿದಾಳೆ. ನಾನೇ ಇಟ್ಟೆ ಅಂತ ಡಾಕ್ಟರ ಮುಂದೆ ಒಪ್ಪಿಕೊಂಡಳು. ಮನೆಯಲ್ಲಿ ಹಿರಿಯರು ಅಂತ ನೀವಿದ್ದು ತಡೀಬಾರದಾಗಿತ್ತಾ?”

ಯಜಮಾನರು ತಲೆ ತಗ್ಗಿಸಿದರು. ನಾನು ನೆಲ ನೋಡಿದೆ. ಅತ್ತೆ ಆಗ ನನ್ನ ಮುಖ ನೋಡಿದರು. ಅವರು ನನ್ನನ್ನು ಹಾಗೆ ನೋಡಿದ್ದು ಮದುವೆಯಾಗಿ ಬಂದ ಮೇಲೆ ಅದೇ ಮೊದಲು. ತುಂಬ ಹೊತ್ತು ನೋಡಿದರು.

“ಅವಳಲ್ಲಮ್ಮ ಇಟ್ಟಿದ್ದು,” ಎಂದರು. “ನಾನು.”

 ಅತ್ತೆ ಬಲಗೈಯನ್ನು ಸೀರೆಗೆ ಒರೆಸಿಕೊಂಡು ನರ್ಸಮ್ಮನ ಮುಂದೆ ಚಾಚಿದರು.

“ಆ ಮಾತ್ರೆ ಇಲ್ಲಿ ಕೊಡ್ರಿ. ನನಗೆ ಓದಾಕೆ ಬರಲ್ಲ, ಎಷ್ಟೊತ್ತಿಗೆ, ಏನು ಉಂಡ ಮ್ಯಾಲೆ, ಎಲ್ಲ ಬಿಡಿಸಿ ಹೇಳ್ರಿ. ಮನೆಯಾಗೆ ನಾನೇ ಕೊಡ್ತೀನಿ. ಒಂದಿನಾನೂ ತಪ್ಪಂಗಿಲ್ಲ ಅಂದ್ರೆ ತಪ್ಪಲ್ಲ.”

ನರ್ಸಮ್ಮ ಹೇಳಿದರು. ಅತ್ತೆ ಅದನ್ನು ಎರಡು ಸಲ ತಿರುಗಿ ಒಪ್ಪಿಸಿದರು, ಮಗ್ಗಿ ಒಪ್ಪಿಸುವ ಹಾಗೆ. ನಡುವೆ ಒಂದು ಕಡೆ ತಪ್ಪಿತು, ಮತ್ತೆ ಮೊದಲಿಂದ ಹೇಳಿದರು. ನಿನ್ನೆಯಿಂದ ನಾನು ಒಂದು ತೊಟ್ಟು ಕಣ್ಣೀರು ಹಾಕಿರಲಿಲ್ಲ, ರಸ್ತೆಯಲ್ಲೂ ಇಲ್ಲ, ಡಾಕ್ಟರ ಮುಂದೆಯೂ ಇಲ್ಲ. ಈಗ ನನ್ನ ಮಗಳು ಉಳಿಯುತ್ತಾಳೆ ಎಂದು ಧೈರ್ಯ ಬಂತು. ವಾರ್ಡಿನವರೆಲ್ಲ ನೋಡುತ್ತಿದ್ದಂತೆ ಅತ್ತೆಯ ಹೆಗಲಿಗೆ ತಲೆಯಿಟ್ಟು ಹೋ ಎಂದು ಅತ್ತುಬಿಟ್ಟೆ. ಅವರು ಬಲಗೈಯ ಮಾತ್ರೆಯನ್ನು ಭದ್ರವಾಗಿ ಹಿಡಿದುಕೊಂಡೇ ಎಡಗೈಯಲ್ಲಿ ನನ್ನ ಬೆನ್ನು ಸವರಿದರು.